ಮದ್ದು ಡ್ಯೂಟಿ ಚಾರ್ಟಿನಲ್ಲಿದೆ

2025ರ ಫೆಬ್ರುವರಿ 21ರಂದು ಬೆಳಗಾವಿಯಿಂದ ಸುಳೇಭಾವಿ ಕಡೆಗೆ ಹೊರಟಿದ್ದ ವಾಯವ್ಯ ಸಾರಿಗೆ ಬಸ್ಸಿನಲ್ಲಿ ಟಿಕೆಟ್ ವಿಚಾರಕ್ಕೆ ಮಾತಿಗೆ ಮಾತು ಬೆಳೆಯಿತು. ತನಗೆ ಮರಾಠಿ ಬರುವುದಿಲ್ಲ, ಕನ್ನಡದಲ್ಲಿ ಹೇಳಿ ಎಂದ ಕಂಡಕ್ಟರ್ ಮೇಲೆ ಬಾಳೇಕುಂದ್ರಿ ಬಳಿ ಹಲ್ಲೆ ನಡೆಯಿತು. ಅದರ ಬೆನ್ನಿಗೇ ಚಿತ್ರದುರ್ಗದಲ್ಲಿ ಮಹಾರಾಷ್ಟ್ರದ ಬಸ್ ಚಾಲಕರೊಬ್ಬರ ಮುಖಕ್ಕೆ ಮಸಿ ಬಳಿಯಲಾಯಿತು. ಎರಡೂ ರಾಜ್ಯಗಳ ನಡುವೆ ಬಸ್ಸುಗಳು ನಿಂತವು. ಮಾರ್ಚ್ 22ರಂದು ಕರ್ನಾಟಕ ಬಂದ್ ಕೂಡ ಆಯಿತು.

ಆ ಒಂದು ತಿಂಗಳಲ್ಲಿ ಗಡಿ, ಭಾಷೆ, ಸ್ವಾಭಿಮಾನದ ಬಗ್ಗೆ ಎರಡೂ ಕಡೆ ಸಾಕಷ್ಟು ಮಾತು ಕೇಳಿಬಂತು. ಏಟು ತಿಂದವರು ಆಗ ಕೆಲಸದ ಮೇಲಿದ್ದರು ಎಂಬ ಅಂಶಕ್ಕೆ ಸಿಕ್ಕ ಗಮನ ಕಡಿಮೆ. ಒಬ್ಬರ ಕೊರಳಲ್ಲಿ ಟಿಕೆಟ್ ಯಂತ್ರವಿತ್ತು, ಇನ್ನೊಬ್ಬರ ಕೈಯಲ್ಲಿ ಸ್ಟೇರಿಂಗ್ ಇತ್ತು. ಘಟನೆಯ ಮರುದಿನವೂ ಬೆಳಗಾವಿ ವಿಭಾಗದ ನೂರಾರು ಕಂಡಕ್ಟರುಗಳು ಬೆಳಗಿನ ಜಾವ ಎದ್ದು, ಡಿಪೋಕ್ಕೆ ಹೋಗಿ ಸಹಿ ಹಾಕಿ, ಅದೇ ಊರುಗಳ ದಾರಿ ಹಿಡಿಯಬೇಕಿತ್ತು. ಬಸ್ಸು ಹತ್ತುವ ಪ್ರತಿಯೊಬ್ಬರ ಮುಖ ನೋಡಿ ಯಾವ ಭಾಷೆಯಲ್ಲಿ ಮಾತು ಶುರುಮಾಡಲಿ ಎಂದು ಯೋಚಿಸುವ ಸ್ಥಿತಿ ಅದು. ಈ ಎಚ್ಚರ ಇಡೀ ದಿನ, ಇಡೀ ವರ್ಷ ತಲೆಯೊಳಗೆ ಕೂತಿದ್ದರೆ ಮನುಷ್ಯನಿಗೆ ಏನಾಗುತ್ತದೆ?

ಕೆಲಸದ ಒತ್ತಡ, ಬರ್ನ್‌ಔಟ್, ಮಾನಸಿಕ ಆರೋಗ್ಯ ಎಂದಾಗ ನಮ್ಮ ಪತ್ರಿಕೆಗಳ ಕಣ್ಣು ಬೆಂಗಳೂರಿನ ಐಟಿ ಕಚೇರಿಗಳತ್ತ, ಪುಣೆಯ ಗಾಜಿನ ಕಟ್ಟಡಗಳತ್ತ ಹೋಗುತ್ತದೆ. ಅದಕ್ಕೆ ಕಾರಣವೂ ಇದೆ. 2024ರ ಜುಲೈನಲ್ಲಿ ಪುಣೆಯ ದೊಡ್ಡ ಲೆಕ್ಕಪರಿಶೋಧನಾ ಸಂಸ್ಥೆಯೊಂದರಲ್ಲಿ ಕೆಲಸಕ್ಕೆ ಸೇರಿ ಕೆಲವೇ ತಿಂಗಳಾಗಿದ್ದ 26 ವರ್ಷದ ಯುವತಿ ತೀರಿಕೊಂಡಳು. ಆಕೆಯ ತಾಯಿ ಬರೆದ ಪತ್ರ ದೇಶವನ್ನೇ ಕಲಕಿತು. ಬೆಳಗಾವಿಯ ಎಷ್ಟೋ ಮನೆಗಳ ಮಕ್ಕಳು ಪುಣೆಯಲ್ಲೇ ಕೆಲಸಕ್ಕಿರುವುದರಿಂದ ಆ ಪತ್ರ ಇಲ್ಲಿ ಇನ್ನಷ್ಟು ಹತ್ತಿರದಿಂದ ತಟ್ಟಿತು. ಆದರೆ ಬೆಳಗಾವಿ ಮತ್ತು ಖಾನಾಪುರದಲ್ಲಿ ದುಡಿದು ಸೋತವರನ್ನು ಹುಡುಕಬೇಕಾದ ಜಾಗಗಳು ಬೇರೆಯೇ ಇವೆ: ಬಸ್ ಡಿಪೋ, ಉದ್ಯಮಬಾಗದ ಫೌಂಡ್ರಿ, ವಡಗಾವಿ–ಖಾಸಬಾಗದ ಮಗ್ಗದ ಮನೆ, ಕಣಕುಂಬಿ ಕಡೆಯ ಕಾಡುದಾರಿ. ಈ ಜಾಗಗಳಲ್ಲಿ ಆಪ್ತಸಮಾಲೋಚಕರ ಕೋಣೆ ಇರುವುದಿಲ್ಲ.

ಬಸ್ಸಿನಿಂದಲೇ ಆರಂಭಿಸಬಹುದು. ಬಸ್ ಸಿಬ್ಬಂದಿಯ ಆರೋಗ್ಯವನ್ನು ಜಗತ್ತು ಎಪ್ಪತ್ತು ವರ್ಷಗಳಿಂದ ಅಧ್ಯಯನ ಮಾಡುತ್ತಿದೆ. ಲಂಡನ್ನಿನ ವೈದ್ಯ ಜೆರ್ರಿ ಮಾರಿಸ್ 1953ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅಲ್ಲಿನ ಸಾರಿಗೆ ನೌಕರರ ಲೆಕ್ಕ ಕೊಟ್ಟರು. ಡಬಲ್ ಡೆಕರ್ ಬಸ್ಸಿನ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಿಗಿಂತ ಕೂತೇ ಇರುವ ಚಾಲಕರಲ್ಲಿ ಹೃದ್ರೋಗ ಹೆಚ್ಚಿತ್ತು. ದೇಹಕ್ಕೆ ಚಲನೆ ಇಲ್ಲದಿರುವುದೇ ಕಾರಣ ಎಂದರು ಮಾರಿಸ್. ಮುಂದೆ 1980ರ ದಶಕದಲ್ಲಿ ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೊ ನಗರ ಸಾರಿಗೆಯ ಚಾಲಕರನ್ನು ಗಮನಿಸಿದವರಿಗೆ ಇನ್ನೊಂದು ಕಾರಣವೂ ಕಂಡಿತು. ಅಲ್ಲಿನ ಚಾಲಕರಲ್ಲಿ ರಕ್ತದೊತ್ತಡ ಹೆಚ್ಚಿತ್ತು. ಅವರ ಕೈಗೆ ಕೊಟ್ಟಿದ್ದ ವೇಳಾಪಟ್ಟಿ ರಸ್ತೆಯ ನಿಜಸ್ಥಿತಿಗೆ ಹೊಂದುತ್ತಿರಲಿಲ್ಲ. ಸಮಯಕ್ಕೆ ತಲುಪಬೇಕೆಂದರೆ ನಿಯಮ ಮುರಿಯಬೇಕು. ನಿಯಮ ಪಾಲಿಸಿದರೆ ತಡ. ತಡವಾದರೆ ಪ್ರಯಾಣಿಕರ ಬೈಗುಳ, ಮೇಲಧಿಕಾರಿಯ ಪ್ರಶ್ನೆ, ಜೊತೆಗೆ ಸ್ವಂತ ವಿಶ್ರಾಂತಿಗೂ ಕತ್ತರಿ.

ಚೋರ್ಲಾ ಘಾಟಿನತ್ತ, ಜಾಂಬೋಟಿ–ಕಣಕುಂಬಿ ದಾರಿಯಲ್ಲಿ, ಹೆಮ್ಮಡಗಾ ಕಡೆಯ ತಿರುವುಗಳಲ್ಲಿ ಮಳೆಗಾಲದಲ್ಲಿ ಬಸ್ಸು ಓಡಿಸುವವರಿಗೆ ಈ ಸಂಶೋಧನೆಯನ್ನು ಬಿಡಿಸಿ ಹೇಳಬೇಕಿಲ್ಲ. ಮಲಪ್ರಭೆ ಹುಟ್ಟುವ ಆ ಸೆರಗಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀಳುವ ಮಳೆ ಬೆಳಗಾವಿ ಜಿಲ್ಲೆಯ ಪೂರ್ವದ ತಾಲ್ಲೂಕುಗಳವರಿಗೆ ಊಹೆಗೂ ನಿಲುಕದ್ದು. ರಸ್ತೆ ಕೊಚ್ಚಿರುತ್ತದೆ, ಮರ ಬಿದ್ದಿರುತ್ತದೆ, ಹತ್ತು ಮೀಟರ್ ಆಚೆ ಏನಿದೆ ಎಂಬುದೂ ಕಾಣುವುದಿಲ್ಲ. ಬೇಸಿಗೆಯ ಓಟದ ಸಮಯವನ್ನೇ ಅಂಥ ದಿನಗಳಿಗೂ ಹೊಂದಿಸಿದರೆ ಆ ವ್ಯತ್ಯಾಸದ ಭಾರ ಚಾಲಕನ ಎದೆಯ ಮೇಲೆ ಬೀಳುತ್ತದೆ.

ಕಂಡಕ್ಟರ್ ಪಾಡು ಇನ್ನೊಂದು ಬಗೆಯದು. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾಯಿತು. 2025ರ ಜುಲೈ 14ಕ್ಕೆ ರಾಜ್ಯದಲ್ಲಿ 500 ಕೋಟಿ ಉಚಿತ ಪ್ರಯಾಣಗಳಾದವು. ಖಾನಾಪುರದ ಹಳ್ಳಿಗಳಿಂದ ಬೆಳಗಾವಿಯ ಆಸ್ಪತ್ರೆಗೆ, ಕಾಲೇಜಿಗೆ, ಸಂತೆಗೆ ಬರುವ ಹೆಣ್ಣುಮಕ್ಕಳಿಗೆ ಇದರಿಂದ ಆದ ಉಪಕಾರ ಕಡಿಮೆಯೇನಲ್ಲ, ಆ ಯೋಜನೆ ಉಳಿಯಬೇಕು. ಆದರೆ ಆ 500 ಕೋಟಿ ಪ್ರಯಾಣಗಳಲ್ಲಿ ಪ್ರತಿಯೊಂದರ ಶೂನ್ಯ ಟಿಕೆಟನ್ನು ಹರಿದು ಕೊಡಲು ಒಬ್ಬ ಕಂಡಕ್ಟರ್ ಬೇಕಾಯಿತು, ತುಂಬಿ ತುಳುಕುವ ಗಾಡಿಯಲ್ಲಿ, ಮುಂದಿನ ಸ್ಟಾಪ್ ಬರುವುದರೊಳಗೆ, ಆಧಾರ್ ಕಾರ್ಡ್ ನೋಡಿ. ಒಂದು ಟಿಕೆಟ್ ತಪ್ಪಿದರೂ ತನಿಖಾ ದಳದ ಎದುರು ಉತ್ತರ ಕೊಡಬೇಕಾದವರು ಅವರೇ. ಜನ ಹೆಚ್ಚಾದ ಹೊತ್ತಿನಲ್ಲಿ ‘ಒಳಗ ಸರೀರಿ’ ಎಂದು ಗದರುವ ಕಂಡಕ್ಟರನ್ನು ಕಂಡು ಪ್ರಯಾಣಿಕರು ಮುನಿಸಿಕೊಳ್ಳುತ್ತಾರೆ.

ಆ ಗದರಿಕೆಯನ್ನು ಸ್ವಲ್ಪ ಬೇರೆ ರೀತಿ ನೋಡಬೇಕಾಗಿದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟನ್ನು ತನ್ನ ರೋಗ ವರ್ಗೀಕರಣ ಪಟ್ಟಿಯಲ್ಲಿ ಸೇರಿಸಿತಾದರೂ ಅದನ್ನು ಕಾಯಿಲೆ ಎಂದು ಕರೆಯಲಿಲ್ಲ. ಕೆಲಸದ ಸ್ಥಳದ ಒತ್ತಡವನ್ನು ಬಹುಕಾಲ ಸರಿಯಾಗಿ ನಿಭಾಯಿಸದೆ ಬಿಟ್ಟಾಗ ಉಂಟಾಗುವ ಸ್ಥಿತಿ ಎಂದಿತು. ಅದಕ್ಕೆ ಮೂರು ಗುರುತುಗಳನ್ನು ಹೇಳಿತು: ಕಸುವೇ ಬತ್ತಿಹೋದಂಥ ದಣಿವು, ಕೆಲಸದಿಂದ ಮನಸ್ಸು ದೂರ ಸರಿದು ಎಲ್ಲದರ ಮೇಲೂ ಹುಟ್ಟುವ ಕಹಿ, ತನ್ನಿಂದ ಏನೂ ಸರಿಯಾಗಿ ಆಗುತ್ತಿಲ್ಲ ಎಂಬ ಭಾವ. ಎರಡನೆಯ ಗುರುತೇ ಬಸ್ಸಿನಲ್ಲಿ ನಮಗೆ ಎದುರಾಗುವ ಒರಟುತನ. ಅದನ್ನು ವ್ಯಕ್ತಿಯ ಸ್ವಭಾವ ಎಂದುಕೊಂಡು ಮೆಮೊ ಕೊಟ್ಟರೆ ಮೊದಲೇ ಸೋತವರ ಮೇಲೆ ಇನ್ನೊಂದು ಹೊರೆ ಹೇರಿದಂತಾಗುತ್ತದೆ.

1979ರಲ್ಲಿ ರಾಬರ್ಟ್ ಕರಾಸೆಕ್ ಎಂಬ ಸಂಶೋಧಕರು ಮುಂದಿಟ್ಟ ಸರಳ ವಿಚಾರ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಕೆಲಸ ಹೆಚ್ಚಿರುವುದಷ್ಟೇ ಮನುಷ್ಯನನ್ನು ಕುಗ್ಗಿಸುವುದಿಲ್ಲ. ಕೆಲಸ ಹೆಚ್ಚಿದ್ದು, ಅದನ್ನು ಹೇಗೆ, ಯಾವಾಗ ಮಾಡಬೇಕೆಂಬ ಹಿಡಿತ ಕೈಯಲ್ಲಿಲ್ಲದಿದ್ದಾಗ ಒತ್ತಡ ಅಪಾಯದ ಮಟ್ಟ ಮುಟ್ಟುತ್ತದೆ. ಬಸ್ ಸಿಬ್ಬಂದಿಯ ಸ್ಥಿತಿ ಹೆಚ್ಚುಕಡಿಮೆ ಅದೇ. ಯಾವ ಡ್ಯೂಟಿ, ಯಾವ ಮಾರ್ಗ, ಯಾವಾಗ ಊಟ, ಎಲ್ಲಿ ವಸ್ತಿ, ಮೂತ್ರಕ್ಕೆ ಎಲ್ಲಿ ಇಳಿಯುವುದು ಎಂಬುದನ್ನೆಲ್ಲ ಬೇರೆಯವರು ಅಥವಾ ರಸ್ತೆ ತೀರ್ಮಾನಿಸುತ್ತದೆ. ಮಹಿಳಾ ಕಂಡಕ್ಟರುಗಳಿಗಂತೂ ಕೊನೆಯ ಪ್ರಶ್ನೆ ಮುಂಜಾನೆ ನೀರು ಕುಡಿಯಬೇಕೋ ಬೇಡವೋ ಎಂಬುದನ್ನೂ ನಿರ್ಧರಿಸುತ್ತದೆ.

ಕಾನೂನು ಇಲ್ಲವೆಂದೇನಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದು ಮಿತಿ ಹಾಕಿತ್ತು. ಐದು ಗಂಟೆ ದುಡಿದರೆ ಅರ್ಧ ಗಂಟೆ ವಿರಾಮ, ವಾರಕ್ಕೊಂದು ರಜೆ ಎಂದೂ ಹೇಳಿತ್ತು. ಈಗ ಆ ಕಾಯ್ದೆ ವೃತ್ತಿ ಸುರಕ್ಷತೆಯ ಹೊಸ ಸಂಹಿತೆಯೊಳಗೆ ಸೇರಿದೆ. 2025ರ ನವೆಂಬರ್ 21ರಿಂದ ನಾಲ್ಕೂ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಇನ್ನೊಂದು ಕಡೆ ಕರ್ನಾಟಕ 2023ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ವಾರದ ಮಿತಿ 48 ಗಂಟೆ ಇರುವಂತೆಯೇ ದಿನಕ್ಕೆ 12 ಗಂಟೆ ದುಡಿಸಲು ಅವಕಾಶ ಕೊಟ್ಟಿತು. ಕುಲುಮೆಯ ಕಾವಿನ ಎದುರು ಎಂಟು ಗಂಟೆ ನಿಲ್ಲುವುದಕ್ಕೂ ಹನ್ನೆರಡು ಗಂಟೆ ನಿಲ್ಲುವುದಕ್ಕೂ ಇರುವ ಅಂತರವನ್ನು ವಾರದ ಮೊತ್ತ ಹೇಳಲಾರದು. ವಾರಕ್ಕೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಲೆಕ್ಕ ಹಾಕಿವೆ. ಓವರ್‌ಟೈಮ್ ಬಿಟ್ಟರೆ ಮನೆ ನಡೆಯದ ಕುಟುಂಬಗಳಲ್ಲಿ ಈ ಅಂಕಿಯನ್ನು ಯಾರೂ ಓದುವುದಿಲ್ಲ. ಮಗ್ಗದ ಮನೆಗಳಲ್ಲಿ ಗಂಟೆಗಳ ಲೆಕ್ಕವೇ ಇರುವುದಿಲ್ಲ. ಪಾವರ್‌ಲೂಮಿನ ಸದ್ದು ಮನೆಯೊಳಗೇ ಇರುವುದರಿಂದ ಕೆಲಸ ಮುಗಿಸಿ ಮನೆಗೆ ಹೋದೆ ಎನ್ನುವ ಸಮಾಧಾನವೂ ನೇಕಾರರಿಗೆ ಸಿಗುವುದಿಲ್ಲ.

ಖಾನಾಪುರದ ಆಶಾ ಕಾರ್ಯಕರ್ತೆಯರ ವಿಷಯಕ್ಕೆ ಬಂದರೆ ಈ ಕಥೆಯ ಮೂಲಕ್ಕೇ ಹೋಗಬೇಕಾಗುತ್ತದೆ. ಬರ್ನ್‌ಔಟ್ ಬಗ್ಗೆ ಮೊದಲು ಸಂಶೋಧನಾ ಬರಹದಲ್ಲಿ ವಿವರವಾಗಿ ಹೇಳಿದವರು ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್, 1974ರಲ್ಲಿ. ಅವರು ನೋಡಿದ್ದು ಶ್ರೀಮಂತ ಕಂಪನಿಯ ಅಧಿಕಾರಿಗಳನ್ನಲ್ಲ. ನ್ಯೂಯಾರ್ಕಿನ ಬಡವರಿಗಾಗಿ ನಡೆಯುತ್ತಿದ್ದ ಉಚಿತ ಚಿಕಿತ್ಸಾಲಯದಲ್ಲಿ ಹಗಲಿರುಳು ದುಡಿಯುತ್ತಿದ್ದ ಸ್ವಯಂಸೇವಕರನ್ನು ನೋಡಿದರು, ತಾವೂ ಅವರಲ್ಲೊಬ್ಬರಾಗಿದ್ದರು. ಮನಸ್ಸು ಕೊಟ್ಟು ಬಂದವರೇ ಮೊದಲು ಸೋಲುತ್ತಾರೆ ಎಂಬುದು ಅವರ ಕಾಣ್ಕೆ. 2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದ ಲೆಕ್ಕದಲ್ಲಿ ಆಶಾ ಕೂಡ ಸ್ವಯಂಸೇವಕಿಯೇ. ಸಂಬಳದ ನೌಕರಳಲ್ಲ, ಗೌರವಧನ ಮತ್ತು ಮಾಡಿದ ಕೆಲಸಕ್ಕೆ ತಕ್ಕ ಪ್ರೋತ್ಸಾಹಧನ ಪಡೆಯುವವಳು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾಗಳಿಗೆ ಜಾಗತಿಕ ಗೌರವ ಕೊಟ್ಟಿತು. 2025ರ ಜನವರಿಯ ಚಳಿಯಲ್ಲಿ ರಾಜ್ಯದ ಆಶಾಗಳು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ದಿನಗಟ್ಟಲೆ ಕೂತರು. ಅವರ ಮುಖ್ಯ ದೂರುಗಳಲ್ಲಿ ಒಂದು, ಮಾಡಿದ ಕೆಲಸ ಪೋರ್ಟಲಿನಲ್ಲಿ ಸರಿಯಾಗಿ ದಾಖಲಾಗದೆ ಹಣ ಕೈಗೆ ಬಾರದಿರುವುದು. ತಿಂಗಳಿಗೆ ಕನಿಷ್ಠ 10,000 ರೂಪಾಯಿಯ ಭರವಸೆ ಸಿಕ್ಕಿ ಧರಣಿ ಮುಗಿಯಿತು.

ಭೀಮಗಡ ಅಭಯಾರಣ್ಯದ ಒಳಗೂ ಅಂಚಿನಲ್ಲೂ ಗವಾಳಿ, ಕೃಷ್ಣಾಪುರ, ಆಮಗಾಂವ್‌ನಂಥ ಊರುಗಳಿವೆ. 2024ರ ಜುಲೈನ ಭಾರಿ ಮಳೆಯಲ್ಲಿ ಆಮಗಾಂವ್‌ನ ಅಸ್ವಸ್ಥ ಮಹಿಳೆಯೊಬ್ಬರನ್ನು ಊರವರು ಕಟ್ಟಿಗೆಯ ಸ್ಟ್ರೆಚರ್ ಮೇಲೆ ಮಲಗಿಸಿ, ಹೆಗಲ ಮೇಲೆ ಕಿಲೋಮೀಟರುಗಟ್ಟಲೆ ಹೊತ್ತು ಆಂಬುಲೆನ್ಸ್ ಬರುವ ಜಾಗಕ್ಕೆ ತಂದ ಸುದ್ದಿ ರಾಜ್ಯದಾದ್ಯಂತ ಹರಡಿತು. ಇಂಥ ಸೀಮೆಯಲ್ಲಿ ಗರ್ಭಿಣಿಯ ಮನೆಗೆ ಹೋಗಿ ಬರುವುದು ಎಂದರೆ ಕೆಸರು, ಇಂಬಳ, ಉಕ್ಕುವ ಹಳ್ಳ, ಕರಡಿಯ ಭಯ ಎಲ್ಲವೂ ಸೇರುತ್ತದೆ. ಹೋಗಿ ಬಂದ ಮೇಲೆ ನೆಟ್‌ವರ್ಕ್ ಸಿಗುವ ದಿಬ್ಬ ಹುಡುಕಿ ಮಾಹಿತಿ ತುಂಬಬೇಕು. ಹೆರಿಗೆಯಲ್ಲಿ ಏನಾದರೂ ಹೆಚ್ಚುಕಮ್ಮಿಯಾದರೆ ಊರವರು ಮೊದಲು ಕೇಳುವುದು ಆಕೆಯನ್ನೇ. ಅದೇ ಊರಿನ ಸೊಸೆಯಾದ್ದರಿಂದ ಕೆಲಸ ಮುಗಿಸಿ ಹೋಗಲು ಬೇರೆ ಊರೂ ಇಲ್ಲ. ಬರ್ನ್‌ಔಟ್ ಅಳೆಯುವ ಪ್ರಶ್ನಾವಳಿಯನ್ನು 1981ರಲ್ಲಿ ರೂಪಿಸಿದ ಕ್ರಿಸ್ಟಿನಾ ಮಾಸ್ಲಾಕ್, ಮುಂದೆ ಮೈಕಲ್ ಲೈಟರ್ ಜೊತೆಗೂಡಿ, ಕೆಲಸದ ಹೊರೆ, ಹಿಡಿತ, ಪ್ರತಿಫಲ, ಸಹೋದ್ಯೋಗಿಗಳ ಬಳಗ, ನ್ಯಾಯ, ಮೌಲ್ಯ ಎಂಬ ಆರು ವಿಷಯಗಳಲ್ಲಿ ಮನುಷ್ಯನಿಗೂ ಕೆಲಸಕ್ಕೂ ಹೊಂದಿಕೆ ತಪ್ಪಿದಾಗ ಈ ಸ್ಥಿತಿ ಬರುತ್ತದೆ ಎಂದರು. ಆಶಾಳ ವಿಷಯದಲ್ಲಿ ಆರರಲ್ಲಿ ಕೊನೆಯದೊಂದೇ ಗಟ್ಟಿಯಾಗಿ ಉಳಿದಿರುವುದು. ತನ್ನ ಕೆಲಸಕ್ಕೆ ಬೆಲೆ ಇದೆ, ಅದರಿಂದ ಜೀವ ಉಳಿಯುತ್ತದೆ ಎಂಬ ನಂಬಿಕೆ. ಆ ಒಂದು ಎಳೆಯ ಮೇಲೆ ಇಡೀ ವ್ಯವಸ್ಥೆ ತೂಗುತ್ತಿದೆ.

ಶಿಕ್ಷಕರನ್ನೂ ಇಲ್ಲಿ ನೆನೆಯಬೇಕು. 2025ರ ಸೆಪ್ಟೆಂಬರ್ 22ರಂದು ಆರಂಭವಾದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಮನೆಮನೆ ತಿರುಗಿದವರಲ್ಲಿ ಅವರೇ ಹೆಚ್ಚು. ಕೆಲಸ ಮುಗಿಯದೆ ಶಾಲೆಗಳ ರಜೆಯನ್ನೇ ಅಕ್ಟೋಬರ್ 18ರವರೆಗೆ ಹಿಗ್ಗಿಸಬೇಕಾಯಿತು. ಇನ್ನು ವೈದ್ಯಕೀಯ ವಿದ್ಯಾರ್ಥಿಗಳ ಸ್ಥಿತಿಯನ್ನು ನೋಡಿದ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ, ಸ್ನಾತಕೋತ್ತರ ವಿದ್ಯಾರ್ಥಿಗಳನ್ನು ವಾರಕ್ಕೆ 74 ಗಂಟೆಗಿಂತ ಹೆಚ್ಚು ದುಡಿಸಬಾರದು ಎಂದು 2024ರಲ್ಲಿ ಶಿಫಾರಸು ಮಾಡಿತು. 74 ಗಂಟೆಯನ್ನು ಸುಧಾರಣೆ ಎನ್ನಬೇಕಾದ ಪರಿಸ್ಥಿತಿ ಇದು. ಬಿಮ್ಸ್ ಮತ್ತು ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜುಗಳಿರುವ ಬೆಳಗಾವಿಗೆ ಆ ವರದಿ ಹೊರಗಿನದಲ್ಲ.

ಹಾಗಾದರೆ ಏನು ಮಾಡಬೇಕು? ವರ್ಷಕ್ಕೊಮ್ಮೆ ಯೋಗ ಶಿಬಿರ, ಒಂದು ಉಪನ್ಯಾಸ, ಒತ್ತಡ ನಿವಾರಣೆಯ ಕೈಪಿಡಿ ಎಂಬುದು ಸಾಮಾನ್ಯ ಉತ್ತರ. ಯೋಗದಿಂದ ನೆಮ್ಮದಿ ಕಂಡವರು ಇದ್ದಾರೆ, ಅವರಿಗೆ ಅದು ಇರಲಿ. ಆದರೆ ಆಕ್ಸ್‌ಫರ್ಡ್‌ನ ವಿಲಿಯಂ ಫ್ಲೆಮಿಂಗ್ ಬ್ರಿಟನ್ನಿನ 233 ಸಂಸ್ಥೆಗಳ 46,336 ನೌಕರರ ಮಾಹಿತಿಯನ್ನು ಹೋಲಿಸಿ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವ್ಯಕ್ತಿಯನ್ನಷ್ಟೇ ಗಟ್ಟಿಮಾಡಲು ಹೊರಟ ಇಂಥ ಕಾರ್ಯಕ್ರಮಗಳಿಗೆ ಹೋದವರೂ ಹೋಗದವರೂ ಹೆಚ್ಚುಕಡಿಮೆ ಒಂದೇ ಸ್ಥಿತಿಯಲ್ಲಿದ್ದರು. ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ 1990ರ ದಶಕದಲ್ಲಿ ಬೇರೆ ದಾರಿ ಹಿಡಿದರು. ಚಾಲಕರಿಗೆ ತರಬೇತಿ ಕೊಡುವ ಬದಲು ಒಂದು ಬಸ್ ಮಾರ್ಗವನ್ನೇ ತಿದ್ದಿದರು. ಬಸ್ಸಿಗೆ ಪ್ರತ್ಯೇಕ ಪಥ ಕೊಟ್ಟರು, ನಿಲ್ದಾಣಗಳ ವಿನ್ಯಾಸ ಬದಲಿಸಿದರು, ಪ್ರಯಾಣಿಕರಿಗೆ ಮಾಹಿತಿ ಫಲಕ ಹಾಕಿದರು. ಆ ಮಾರ್ಗದ ಚಾಲಕರ ರಕ್ತದೊತ್ತಡ ಇಳಿಯಿತು, ಒತ್ತಡದ ಅನುಭವವೂ ಕಡಿಮೆಯಾಯಿತು.

ಬೆಳಗಾವಿಗೆ ಇದನ್ನು ಅನ್ವಯಿಸಲು ಸ್ವೀಡನ್ನಿನ ಹಣ ಬೇಕಿಲ್ಲ. ಖಾನಾಪುರದ ಘಟ್ಟದ ಮಾರ್ಗಗಳಿಗೆ ಮಳೆಗಾಲದ ಓಟದ ಸಮಯವನ್ನು ಪ್ರತ್ಯೇಕವಾಗಿ ಅಳೆದು ವೇಳಾಪಟ್ಟಿ ಮಾಡಬಹುದು. ಅಳೆಯುವಾಗ ಆ ಮಾರ್ಗದ ಚಾಲಕರನ್ನು ಕೂರಿಸಿಕೊಳ್ಳಬೇಕು. ವಸ್ತಿ ಬಸ್ ನಿಲ್ಲುವ ಊರಿನಲ್ಲಿ ಗ್ರಾಮ ಪಂಚಾಯಿತಿ ಒಂದು ಕೋಣೆ, ಎರಡು ಮಂಚ, ಒಂದು ಶೌಚಾಲಯ ಕೊಟ್ಟರೆ ಸಿಬ್ಬಂದಿ ಸೀಟಿನ ಮೇಲೆ ಮಲಗುವುದು ತಪ್ಪುತ್ತದೆ. ಡ್ಯೂಟಿ ಚಾರ್ಟನ್ನು ಒಂದು ವಾರ ಮುಂಚೆಯೇ ಹಾಕಿದರೆ ಮಗಳ ಶಾಲೆಯ ಕಾರ್ಯಕ್ರಮಕ್ಕೆ ಹೋಗಬಹುದೇ ಎಂಬುದಾದರೂ ಗೊತ್ತಾಗುತ್ತದೆ. ಕರ್ತವ್ಯದಲ್ಲಿ ಹಲ್ಲೆಯಾದವರಿಗೆ ಸಂಬಳದ ರಜೆ, ದೂರು ಕೊಡಲು ಜೊತೆಗೊಬ್ಬ ಅಧಿಕಾರಿ, ಮರಳಿದಾಗ ಕೆಲವು ದಿನ ಬೇರೆ ಮಾರ್ಗ ಅಥವಾ ಲೈಟ್ ಡ್ಯೂಟಿ ಇವು ನಿಯಮವಾಗಬೇಕು. ಡಿಪೋ ಮ್ಯಾನೇಜರರ ಒಳ್ಳೆಯತನಕ್ಕೆ ಬಿಡುವ ವಿಷಯವಲ್ಲ. ಆಶಾಗಳ ಮಟ್ಟಿಗೆ ಒಂಟಿಯಾಗಿ ಕಾಡುದಾರಿ ಹಿಡಿಯದಂತೆ ಜೋಡಿ ಭೇಟಿ, ಬಾಕಿ ಹಣಕ್ಕೆ ಗಡುವು, ಪ್ರಾಥಮಿಕ ಆರೋಗ್ಯ ಕೇಂದ್ರದ ಮಾಸಿಕ ಸಭೆಯಲ್ಲಿ ಗುರಿ–ಸಾಧನೆಯ ಪಟ್ಟಿಗೆ ಮುನ್ನ ಅವರ ಕಷ್ಟ ಕೇಳುವ ಅರ್ಧ ಗಂಟೆ ಬೇಕು. ಕೆಲಸದ ಸ್ವರೂಪ ತಿದ್ದಬೇಕು, ಮೇಲ್ವಿಚಾರಕರಿಗೆ ತರಬೇತಿ ಕೊಡಬೇಕು ಎಂಬುದನ್ನೇ ವಿಶ್ವ ಆರೋಗ್ಯ ಸಂಸ್ಥೆಯ 2022ರ ಮಾರ್ಗಸೂಚಿಯೂ ಹೇಳುತ್ತದೆ.

ಕೆಲಸ ತಿದ್ದಿದರೂ ಕೆಲವರಿಗೆ ಚಿಕಿತ್ಸೆ ಬೇಕೇ ಬೇಕು. ದಣಿವು ರಜೆಯಲ್ಲೂ ಇಳಿಯದೆ, ನಿದ್ದೆ ಬಾರದೆ, ಬದುಕೇ ಬೇಡ ಎನಿಸುತ್ತಿದ್ದರೆ ಅದು ಖಿನ್ನತೆಯಿರಬಹುದು, ಅದಕ್ಕೆ ಮದ್ದಿದೆ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇ 10.6ರಷ್ಟು ಜನ ಯಾವುದಾದರೂ ಮಾನಸಿಕ ತೊಂದರೆಯಲ್ಲಿದ್ದರು, ಬಹುಪಾಲು ಮಂದಿ ಚಿಕಿತ್ಸೆಯ ಹೊರಗೇ ಇದ್ದರು. ಈ ವಿಷಯದಲ್ಲಿ ಕರ್ನಾಟಕ ದೇಶಕ್ಕೆ ದಾರಿ ತೋರಿಸಿದ ರಾಜ್ಯ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗದ ಮಾದರಿಯಲ್ಲೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಗಿ, ಮುಂದೆ ದೇಶದ ಇತರ ಜಿಲ್ಲೆಗಳಿಗೂ ಹರಡಿತು. ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿ ನಿಗದಿತ ಮಂಗಳವಾರಗಳಂದು ಮನೋವೈದ್ಯರು ಕೂರುವ ವ್ಯವಸ್ಥೆಯಾಗಿದೆ. ಹೆಚ್ಚಿನ ಚಿಕಿತ್ಸೆಗೆ ಧಾರವಾಡದ ಡಿಮ್ಹಾನ್ಸ್ ಇದೆ. 2022ರ ಅಕ್ಟೋಬರ್ 10ರಂದು ಶುರುವಾದ ಸಹಾಯವಾಣಿ ಟೆಲಿ ಮಾನಸ್‌ಗೆ 14416 ಸಂಖ್ಯೆಯಲ್ಲಿ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆ ಮಾಡಬಹುದು. ಅದು ಕನ್ನಡ, ಮರಾಠಿ ಸೇರಿದಂತೆ 20 ಭಾಷೆಗಳಲ್ಲಿ ಸಿಗುತ್ತದೆ. ನೋವನ್ನು ಅಮ್ಮನ ಭಾಷೆಯಲ್ಲೇ ಹೇಳಿಕೊಳ್ಳಬೇಕಾದ ಖಾನಾಪುರಕ್ಕೆ ಇದು ದೊಡ್ಡ ಅನುಕೂಲ.

ಆದರೂ ಹೋಗುವವರು ಕಡಿಮೆ. ಚಾಲಕನೊಬ್ಬ ಮನೋವೈದ್ಯರ ಬಳಿ ಹೋದದ್ದು ಡಿಪೋದಲ್ಲಿ ಗೊತ್ತಾದರೆ ಸ್ಟೇರಿಂಗೇ ಕೈತಪ್ಪಬಹುದು ಎಂಬ ಅಂಜಿಕೆ ಸುಳ್ಳಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ರೋಗಿಯ ವಿವರ ಗುಟ್ಟಾಗಿಡುವ ಹಕ್ಕು ಕೊಟ್ಟಿದೆ. ಅದರ ಬಗ್ಗೆ ಡಿಪೋದ ನೋಟಿಸ್ ಬೋರ್ಡಿನಲ್ಲಿ ಕನ್ನಡದಲ್ಲೂ ಮರಾಠಿಯಲ್ಲೂ ಒಂದು ಹಾಳೆ ಅಂಟಿಸಬೇಕು. ನಿದ್ದೆ ತರಿಸುವ ಮಾತ್ರೆ ತೆಗೆದುಕೊಳ್ಳುವ ಅವಧಿಗೆ ಸಂಬಳ ಕಡಿತವಿಲ್ಲದೆ ಬೇರೆ ಕೆಲಸ ಕೊಡುತ್ತೇವೆ ಎಂಬ ಲಿಖಿತ ಭರವಸೆ ಅದರ ಕೆಳಗಿರಬೇಕು. ಹೊಸ ಕಾರ್ಮಿಕ ಸಂಹಿತೆಗಳು 40 ವರ್ಷ ದಾಟಿದ ಕಾರ್ಮಿಕರಿಗೆ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆಯ ಮಾತಾಡುತ್ತಿವೆ. ಡಿಪೋಗಳಲ್ಲೂ ಉದ್ಯಮಬಾಗದಲ್ಲೂ ಆ ತಪಾಸಣೆ ನಡೆಯುವಾಗ ರಕ್ತದೊತ್ತಡ, ಸಕ್ಕರೆಯ ಜೊತೆಗೆ ನಿದ್ದೆ ಹೇಗಿದೆ, ಮನಸ್ಸು ಹೇಗಿದೆ, ಕೆಲಸದಲ್ಲಿ ಯಾವುದು ಹೆಚ್ಚು ಹಿಂಸೆ ಕೊಡುತ್ತಿದೆ ಎಂದು ಕೇಳುವ ಮೂರು ಪ್ರಶ್ನೆಗಳನ್ನು ಸೇರಿಸಬೇಕು. ಮೂರನೆಯ ಪ್ರಶ್ನೆಗೆ ಬಂದ ಉತ್ತರಗಳನ್ನು ಹೆಸರು ತೆಗೆದು, ಡ್ಯೂಟಿ ಚಾರ್ಟ್ ಬರೆಯುವವರ ಮೇಜಿಗೆ ತಲುಪಿಸಬೇಕು.